ಹನ್ನೆರಡು ಮೊಳದ ಚಾಪೆ

ಹೊಳೆಯ ನೀರು ಇಳಿದು ಹತ್ತು ದಿನವಾಗಿತ್ತು. ಜೊಂಡು ಕೊಯ್ಯಲು ಅದೇ ಹದ. ಮೊದಲೇ ಕೊಯ್ದರೆ ಬುಡ ನೀರು ಕುಡಿದು ಮೆತ್ತಗಿರುತ್ತದೆ, ತಡವಾದರೆ ಬಿಸಿಲಿಗೆ ಬಿರುಸಾಗಿ ಸುಲಿಯುವಾಗಲೇ ಮುರಿಯುತ್ತದೆ. ಈ ದಿನಗಳಲ್ಲಿ ದಡದ ಕೇರಿಯ ಮೂವತ್ತೆರಡು ಮನೆಗಳಲ್ಲಿ ಯಾರಿಗೂ ತಲೆ ಕೆರೆದುಕೊಳ್ಳಲು ಪುರುಸೊತ್ತಿರುವುದಿಲ್ಲ. ಗಂಡಸರು ಮೊಣಕಾಲು ನೀರಿನಲ್ಲಿ ನಿಂತು ಕೊಯ್ದು, ಹೊರೆ ಕಟ್ಟಿ ದಡಕ್ಕೆ ಎಸೆಯುತ್ತಾರೆ. ಹೆಂಗಸರು ತಗಡಿನ ಶೆಡ್ಡಿನಲ್ಲಿ ಕೂತು ಸಿಪ್ಪೆ ಸುಲಿದು, ಸೀಳಿ, ತೊಟ್ಟಿಯಲ್ಲಿ ನೆನೆಹಾಕಿ ಚಾಪೆ ನೇಯುತ್ತಾರೆ.

ಆ ಶೆಡ್ಡಿನ ಗಲಾಟೆ ಪ್ರತಿ ವರ್ಷ ಬಸ್ಸು ನಿಲ್ಲುವ ಜಾಗದವರೆಗೂ ಕೇಳುತ್ತಿತ್ತು. ಈ ವರ್ಷ ಕತ್ತಿಯ ಸರಸರ ಬಿಟ್ಟರೆ ಬೇರೆ ಸದ್ದಿಲ್ಲ. ಹನ್ನೊಂದು ಹೆಂಗಸರು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದರು. ಅವರಲ್ಲಿ ವಟವಟಿ ಎಂದು ಹೆಸರಾದವಳೂ ಇದ್ದಳು ಎಂದರೆ ಸಂಗತಿ ಎಷ್ಟು ಬಿಗಿಯಾಗಿತ್ತು ಎಂದು ತಿಳಿಯಬಹುದು. ವಟವಟಿಗೆ ಸೀಳುಗತ್ತಿ ಬೇಕಾಗಿತ್ತು. ಎದುರಿಗೆ ಕೂತವಳನ್ನು ನೋಡಿ ಅವಳು ತನ್ನ ಕತ್ತಿನ ಮೇಲೆ ಬೆರಳು ಎಳೆದು ತೋರಿಸಿದಳು. ಎದುರಿನವಳು ಬೆಚ್ಚಿ ಒಂದು ಮೊಳ ಹಿಂದೆ ಸರಿದಳು.

ಇದಕ್ಕೆಲ್ಲ ಕಾರಣ ತಿದ್ದಕ್ಕ. ಶೆಡ್ಡಿನ ಉಸ್ತುವಾರಿ ಅವಳದು. ವಯಸ್ಸು ಐವತ್ತು ದಾಟಿದೆ. ತಿದ್ದಕ್ಕ ಎಂಬುದು ಬೆನ್ನ ಹಿಂದಿನ ಹೆಸರು. ಅದು ಅವಳ ಕಿವಿಗೆ ಬಿದ್ದು ಎಷ್ಟೋ ವರ್ಷಗಳಾಗಿದ್ದವು. 'ತಿದ್ದದೇ ಇದ್ರೆ ಯಾವುದು ತಾನೇ ನೆಟ್ಟಗಾಗುತ್ತೆ?' ಎಂದು ಅವಳು ಆ ಹೆಸರನ್ನು ಬಿರುದಿನ ಹಾಗೆ ಇಟ್ಟುಕೊಂಡಿದ್ದಳು.

ನೀರು ಏರುವ ಮೊದಲು ಕೇರಿಯ ಹಿರಿಯ ಅಂಬಿಗ ತೀರಿಕೊಂಡಿದ್ದ. ಮಣ್ಣು ಮಾಡಿ ಬಂದ ಸಂಜೆ ತಿದ್ದಕ್ಕ ಅಂಗಳದಲ್ಲಿ ಕೂತು ಬೆರಳು ಮಡಚಿದಳು. ಕೇರಿಯ ಸ್ವಂತ ಭಾಷೆಯಾದ ಮನೆಮಾತನ್ನು ಎಡವದೆ ಆಡುವವರು ಇನ್ನು ಎಷ್ಟು ಜನ? ಒಂದು, ತಾನು. ಎರಡು, ಓಣಿಯ ಕೊನೆಯ ಮನೆಯ ದೊಡ್ಡಮ್ಮ. ಮೂರನೆಯ ಬೆರಳು ಮಡಚಲೇ ಇಲ್ಲ. ಉಳಿದವರಿಗೆ ಅರ್ಥವಾಗುತ್ತದೆ, ಆದರೆ ಬಾಯಿ ತೆರೆದರೆ ಬರುವುದು ಸಂತೆಮಾತು. ಅಂಗಡಿಯಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ ಎಲ್ಲರೂ ಆಡುವ ಆ ಮಾತು ಈಗ ಒಲೆಯ ಮುಂದಕ್ಕೂ ಬಂದು ಕೂತಿತ್ತು.

ಆಮೇಲೆ ಅವಳು ಶೆಡ್ಡಿನಲ್ಲಿ ಒಂದು ಕಟ್ಟಳೆ ಮಾಡಿದಳು. ಮಧ್ಯಾಹ್ನ ಬುತ್ತಿ ಬಿಚ್ಚುವ ತನಕ ಮನೆಮಾತು ಮಾತ್ರ. ಸಂತೆಮಾತು ಆಡಿದವರು ಹೊಳೆಯಿಂದ ಎರಡು ಕೊಡ ನೀರು ಹೊತ್ತು ತೊಟ್ಟಿಗೆ ಸುರಿಯಬೇಕು. ಮೊದಲ ದಿನ ತೊಟ್ಟಿ ತುಂಬಿ ಹರಿಯಿತು. ಎರಡನೆಯ ದಿನದಿಂದ ಯಾರೂ ಮಾತೇ ಆಡಲಿಲ್ಲ.

ಅವಳ ಮನಸ್ಸಿನಲ್ಲಿ ಇದ್ದದ್ದು ಬರೀ ಮಾತಲ್ಲ. ಶೆಡ್ಡಿನ ಮೂಲೆಯಲ್ಲಿ, ಒದ್ದೆ ಗೋಣಿಯ ಕೆಳಗೆ, ಆಳದ ನೀರಿನಲ್ಲಿ ಬೆಳೆದ ಉದ್ದನೆಯ ಜೊಂಡನ್ನು ಅವಳು ಬೇರೆ ತೆಗೆದಿಟ್ಟಿದ್ದಳು. ಅದು ಹನ್ನೆರಡು ಮೊಳದ ಚಾಪೆಗೆ. ಆ ಚಾಪೆಯನ್ನು ಒಬ್ಬರೇ ನೇಯಲಾಗದು. ಒಬ್ಬಳು ಬೆನ್ನು ತಿರುಗಿಸಿ ಕೂತು ಸಾಲು ಸಾಲಾಗಿ ಹೇಳಬೇಕು: 'ಎರಡು ಕೊಕ್ಕರೆ ಹಾರಿದವು, ಒಂದು ಮುಳುಗಿತು, ನೀನೇನು ಕಂಡೆ?' ನೇಯುವವಳು ಎರಡು ಎಳೆ ದಾಟಿಸಿ, ಒಂದನ್ನು ಅಡಿಗೆ ತಳ್ಳಿ, ತಾನು ಕಂಡದ್ದನ್ನು ತನ್ನ ಮಾತಿನಲ್ಲಿ ಹೇಳಬೇಕು. ಆಗ ಮುಂದಿನ ಸಾಲು. ಹಾಗೆ ಹೇಳಿಸಿಕೊಂಡು ನೇಯ್ದವಳು ಮುಂದೆ ಇನ್ನೊಬ್ಬಳಿಗೆ ಹೇಳಬೇಕು. ಹೇಳುವ ತನಕ ಅದು ಅವಳ ಮೇಲಿನ ಸಾಲ. ತಿದ್ದಕ್ಕನಿಗೆ ದೊಡ್ಡಮ್ಮ ಹೇಳಿ ಮೂವತ್ತನಾಲ್ಕು ವರ್ಷವಾಗಿತ್ತು. ಆಮೇಲೆ ಆ ಚಾಪೆಯನ್ನು ಯಾರೂ ನೇಯ್ದಿರಲಿಲ್ಲ. ಪ್ರತಿ ವರ್ಷ ಆಳದ ಜೊಂಡನ್ನು ತೆಗೆದಿಡುವುದು, 'ಯಾರಿದ್ದಾರೆ ಹೇಳಿಸಿಕೊಳ್ಳೋ ಯೋಗ್ಯತೆ ಇರೋರು' ಎಂದು ಕಾಯುವುದು, ಕೊನೆಗೆ ಅದನ್ನು ಸಣ್ಣ ಚಾಪೆಗಳಿಗೆ ಕೊಟ್ಟುಬಿಡುವುದು. ಇದೇ ನಡೆದು ಬಂದಿತ್ತು.

ಆ ಶನಿವಾರ ಬೆಳಿಗ್ಗೆ ಮೌನ ಮುರಿದದ್ದು ತಿದ್ದಕ್ಕನ ಸೊಸೆ. ಅವಳು ಬೇರೆ ಊರಿನವಳು, ಬೇರೆ ಜನದವಳು; ಮದುವೆಯಾಗಿ ಬಂದು ಮೂರು ವರ್ಷ. ವಿಚಿತ್ರವೆಂದರೆ ಕೇರಿಯಲ್ಲಿ ಹುಟ್ಟಿದವರು ಬಾಯಿ ಮುಚ್ಚಿದಾಗ ಬಾಯಿ ಬಿಡುತ್ತಿದ್ದವಳು ಅವಳೊಬ್ಬಳೇ. ಕೈಗೆ ನೀರು ಬೇಕಾಗಿ, ಪಕ್ಕದವಳಿಗೆ ಚೊಂಬು ಕೊಡಲು ಹೇಳಹೋಗಿ, ಮನೆಮಾತಿನಲ್ಲಿ ನೀರನ್ನೇ ಕರೆದುಬಿಟ್ಟಳು: "ನೀರೇ, ದಯಮಾಡಿ ಒಳಗೆ ಬನ್ನಿ."

ವಟವಟಿಗೆ ತಡೆಯಲಾಗಲಿಲ್ಲ. "ಚಾಪೆ ಹಾಸ್ರೇ ಯಾರಾದ್ರೂ! ನೀರು ಬಂದು ಕೂತ್ಕೊಳ್ಳಲಿ!" ಎಂದು ಸಂತೆಮಾತಿನಲ್ಲೇ ಕೂಗಿದಳು. ಶೆಡ್ಡು ಬಿದ್ದು ಬಿದ್ದು ನಕ್ಕಿತು. ಸೊಸೆಯೂ ನಕ್ಕಳು.

ತಿದ್ದಕ್ಕ ನಗಲಿಲ್ಲ. ವಟವಟಿಗೆ ಕೊಡ ತೋರಿಸಿದಳು. ಸೊಸೆಯ ಕಡೆ ತಿರುಗಿ, "ಹಾಗಲ್ಲ. ಇನ್ನೊಂದು ಸಲ ಹೇಳು" ಎಂದು ಸರಿಯಾದದ್ದನ್ನು ಹೇಳಿಕೊಟ್ಟಳು. ಸೊಸೆ ಹೇಳಿದಳು. "ನಾಲಿಗೆ ಮೇಲೆ ಹೋಗಬೇಕು. ಇನ್ನೊಂದು ಸಲ." ಹೇಳಿದಳು. "ಎಳೀಬೇಡ. ಇನ್ನೊಂದು ಸಲ." ನಾಲ್ಕನೆಯ ಸಲಕ್ಕೆ ಸೊಸೆಯ ದನಿ ಕೆಳಗಿಳಿದು, ತನಗೇ ಹೇಳಿಕೊಂಡಷ್ಟು ಸಣ್ಣದಾಯಿತು. ಆಮೇಲೆ ಅವಳು ಎದ್ದು ಹೋಗಿ ತಾನೇ ಚೊಂಬು ತಂದುಕೊಂಡಳು. ಮಧ್ಯಾಹ್ನದ ತನಕ ಮತ್ತೆ ತುಟಿ ಬಿಚ್ಚಲಿಲ್ಲ.

ಬುತ್ತಿಯ ಗಂಟು ಬಿಚ್ಚಿದ್ದೇ ತಡ, ಕಟ್ಟೆ ಒಡೆಯಿತು. ಯಾರ ಮನೆಯ ಕೋಳಿ ಕಳುವಾಯಿತು, ಯಾರ ಮಗಳನ್ನು ನೋಡಲು ಬಂದವರು ಏನು ಅಂದರು, ಎಲ್ಲ ಸಂತೆಮಾತಿನಲ್ಲಿ. ತಿದ್ದಕ್ಕ ಬುತ್ತಿಯನ್ನು ಪಕ್ಕಕ್ಕೆ ಸರಿಸಿದಳು.

"ನಾಲ್ಕು ಗಂಟೆ ಹೊತ್ತು ಮೂಗರ ಹಾಗಿದ್ರಲ್ಲ, ಅದೇ ಕೋಳಿ ಕತೆ ನಮ್ಮ ಮಾತಲ್ಲಿ ಹೇಳೋಕೆ ನಿಮಗೇನು ಬಾಯಿ ಬಿದ್ದುಹೋಗಿತ್ತಾ?"

ವಟವಟಿ ಭುಜ ಒತ್ತಿಕೊಳ್ಳುತ್ತ ಅಂದಳು: "ಅಕ್ಕಾ, ಬೇಜಾರು ಮಾಡ್ಕೋಬೇಡಿ. ಒಂದು ಮಾತು ಆಡಿದ್ರೆ ನೀವು ಅದಕ್ಕೆ ಮೂರು ಸಲ ಇಸ್ತ್ರಿ ಹಾಕ್ತೀರಿ. ಬಟ್ಟೆ ನೆಟ್ಟಗಾಗೋ ಮೊದಲು ಸುಟ್ಟೇ ಹೋಗುತ್ತೆ. ಅದಕ್ಕಿಂತ ಎರಡು ಕೊಡ ಹೊರೋದು ಸಲೀಸು."

"ಮತ್ತೆ ತಪ್ಪು ತಪ್ಪಾಗಿ ಆಡಿ ಹಾಳು ಮಾಡ್ತೀರಾ?"

"ಅದಕ್ಕೇ ಆಡ್ತಿಲ್ಲ ಅಲ್ವಾ" ಎಂದಳು ವಟವಟಿ. ಅವಳು ಚುಚ್ಚಿ ಹೇಳಿದ್ದಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ತಿದ್ದಕ್ಕನಿಗೆ ಅದು ಇನ್ನೂ ಉರಿಯಿತು.

ಸಂಜೆ ಮನೆಯಲ್ಲಿ ಇನ್ನೊಂದು ಕಾದಿತ್ತು. ಮಗ ಸರಕಿನ ಟೆಂಪೋ ನಿಲ್ಲಿಸಿ ಒಳಗೆ ಬಂದು ಕಾಲು ತೊಳೆಯುತ್ತಿದ್ದ. ಸೊಸೆ ಚಹಾದ ಲೋಟ ಅತ್ತೆಯ ಮುಂದಿಟ್ಟು, ನಿಂತೇ ಇದ್ದಳು.

"ಅತ್ತೆ, ನಾನು ಸೋಮವಾರದಿಂದ ಪ್ಯಾಕಿಂಗ್ ಫ್ಯಾಕ್ಟರಿಗೆ ಹೋಗ್ತೀನಿ. ಹೆಸರು ಕೊಟ್ಟಾಯ್ತು."

"ಶೆಡ್ಡಿನ ಕೆಲಸ?"

"ಬಿಡ್ತೀನಿ."

"ಕೂಲಿ ಜಾಸ್ತಿನಾ ಅಲ್ಲಿ?"

"ಸ್ವಲ್ಪ. ಅದಕ್ಕಲ್ಲ ಅತ್ತೆ. ಅಲ್ಲಿ ತಪ್ಪು ಮಾಡಿದ್ರೆ ಕೂಲಿ ಹಿಡೀತಾರೆ. ನಾಲ್ಕು ಸಲ ಹೇಳಿಸೋದಿಲ್ಲ."

ತಿದ್ದಕ್ಕ ಲೋಟ ಕೆಳಗಿಟ್ಟಳು. "ನಿನ್ನ ಒಳ್ಳೇದಕ್ಕೇ ಹೇಳಿದ್ದು. ಕಲೀಬೇಕು ಅನ್ನೋರು ಅಷ್ಟೂ ತಡ್ಕೋಬಾರದಾ?"

"ಕಲೀಬೇಕು ಅಂತಾನೇ ಇದ್ದೆ. ನಮ್ಮಮ್ಮ ನನ್ನ ಹತ್ರ ಫೋನಲ್ಲಿ ಕೇಳ್ತಾಳೆ, ಎಷ್ಟು ಬಂತೇ ಅವರ ಮಾತು ಅಂತ. ಮೊದಲನೇ ವರ್ಷ ತುಂಬಾ ಬಂತು ಅಂತಿದ್ದೆ. ಈಗ ಸ್ವಲ್ಪ ಅಂತೀನಿ. ನೀವು ತಿದ್ದಿದಷ್ಟೂ ನನಗೆ ಕಡಿಮೆ ಬರುತ್ತೆ ಅತ್ತೆ. ಬಾಯಿಗೆ ಬರೋ ಮೊದಲೇ ನಿಮ್ಮ ಮುಖ ಬರುತ್ತೆ."

ಟವೆಲ್ಲಿನಲ್ಲಿ ಕಾಲು ಒರೆಸಿಕೊಳ್ಳುತ್ತಿದ್ದ ಮಗನ ಕಡೆ ತಿದ್ದಕ್ಕ ತಿರುಗಿದಳು. "ನೋಡೋ, ಕೇಳಿದ್ಯಾ? ನೀನಾದ್ರೂ ಹೇಳಬಾರದಾ? ಮನೆಯಲ್ಲಿ ನೀನು ಅವಳ ಹತ್ರ ನಮ್ಮ ಮಾತು ಆಡಿದ್ದಿದ್ರೆ ಇಷ್ಟು ಹೊತ್ತಿಗೆ ಅವಳಿಗೆ ನೀರು ಕುಡಿದಷ್ಟು ಸುಲಭ ಆಗಿರೋದು. ಹೊರಗಿನವಳು ಪ್ರಯತ್ನ ಪಟ್ಟಳು, ಮನೇಲಿ ಹುಟ್ಟಿದವನಿಗೆ ನಾಲಿಗೆ ಹೊರಳೋಲ್ಲ."

ಮಗ ಸಿಟ್ಟು ಮಾಡುವವನಲ್ಲ. ಟವೆಲ್ಲನ್ನು ಮಡಚಿ ಹಗ್ಗದ ಮೇಲೆ ಹಾಕಿದ.

"ನನಗೆ ಒಂಬತ್ತು ವರ್ಷ ಅಮ್ಮ. ಅಜ್ಜ ಹೇಳಿದ ಮೀನಿನ ಕತೆನ ನಿನಗೆ ಹೇಳೋಕೆ ಬಂದೆ. ಕತೆ ಮುಗಿಯೋ ಮೊದಲು ಹನ್ನೊಂದು ಸಲ ತಡೆದೆ ನೀನು. ನಾನು ಎಣಿಸಿದ್ದೆ. ಕೊನೆಗೆ ಏನಂದೆ ನೆನಪಿದೆಯಾ? 'ಅರ್ಧಂಬರ್ಧ ಆಡೋದಕ್ಕಿಂತ ಸುಮ್ಮನಿರೋದು ವಾಸಿ.' ಸುಮ್ಮನಿದ್ದೀನಿ."

ಅವನು ಸಂತೆಮಾತಿನಲ್ಲೇ ಹೇಳಿದ್ದ. ಅದರಲ್ಲಿ ಒಂದು ತಪ್ಪೂ ಇರಲಿಲ್ಲ.

ಮರುದಿನ ಭಾನುವಾರ. ಬೆಳಿಗ್ಗೆ ತಿದ್ದಕ್ಕ ಶೆಡ್ಡಿಗೆ ಹೋಗದೆ ಓಣಿಯ ಕೊನೆಗೆ ನಡೆದಳು. ದೊಡ್ಡಮ್ಮನಿಗೆ ಎಂಬತ್ತು ದಾಟಿತ್ತು. ಹಲ್ಲು ಒಂದೂ ಉಳಿದಿರಲಿಲ್ಲ, ಮಾತಿನ ಹಲ್ಲು ಒಂದೂ ಉದುರಿರಲಿಲ್ಲ. ಬಾಗಿಲ ಬಿಸಿಲಿನಲ್ಲಿ ಕೂತು ಜೊಂಡಿನ ಸಿಪ್ಪೆಯಿಂದ ಹಗ್ಗ ಹೊಸೆಯುತ್ತಿದ್ದಳು. ಕಣ್ಣು ಮಂಜು, ಬೆರಳುಗಳಿಗೆ ಕಣ್ಣಿನ ಹಂಗಿರಲಿಲ್ಲ. ಇಬ್ಬರೂ ಮನೆಮಾತಿನಲ್ಲಿ ಮಾತಾಡಿದರು. ಈಚೆಗೆ ಹಾಗೆ ಮಾತಾಡಲು ಇಬ್ಬರಿಗೂ ಬೇರೆ ಯಾರೂ ಇರಲಿಲ್ಲ.

"ಏನೇ, ಹೆಜ್ಜೆ ಇಷ್ಟು ಭಾರ? ಯಾರ ಮೇಲೆ ತುಳೀತಾ ಬಂದೆ?"

"ಸೊಸೆ ಫ್ಯಾಕ್ಟರಿಗೆ ಹೋಗ್ತಾಳಂತೆ ದೊಡ್ಡಮ್ಮ."

"ಹೋಗ್ಲಿ ಬಿಡು. ಅಲ್ಲಿ ಫ್ಯಾನು ಇರುತ್ತಂತೆ."

"ಇದ್ದವಳು ಅವಳೊಬ್ಬಳೇ. ಈ ವರ್ಷನಾದ್ರೂ ಯಾರನ್ನಾದ್ರೂ ತಯಾರು ಮಾಡಿ ದೊಡ್ಡ ಚಾಪೆ ಹೇಳಿಬಿಡೋಣ ಅಂತಿದ್ದೆ. ಒಬ್ಬರೂ ನೆಟ್ಟಗೆ ಆಡೋಲ್ಲ. ಯಾರಿಗೆ ಹೇಳಲಿ?"

"ಅಂದ್ರೆ ನನ್ನ ಸಾಲ ಮುಳುಗಿತು ಅನ್ನು."

"ಹಾಗಂತೀಯಾ? ಯೋಗ್ಯರು ಬೇಡವಾ?"

ದೊಡ್ಡಮ್ಮನ ಕೈ ನಿಂತಿತು. "ನೀನು ಯೋಗ್ಯಳಾಗಿದ್ದೆ ಅಂತ ಯಾರು ಹೇಳಿದ್ರು ನಿನಗೆ?"

ತಿದ್ದಕ್ಕ ಹೊಸ್ತಿಲ ಮೇಲೆ ಕೂತಳು.

"ಏಳು ವರ್ಷ ಆ ಹಾಸ್ಟೆಲ್ ಶಾಲೆಯಲ್ಲಿದ್ದು ಬಂದಿದ್ದೆ. ನಮ್ಮ ಮಾತು ಆಡಿದ ಮಕ್ಕಳನ್ನ ಬಿಸಿಲಲ್ಲಿ ನಿಲ್ಲಿಸೋ ಶಾಲೆ. ಬಂದಾಗ ನಿನ್ನ ಬಾಯಲ್ಲಿ ಏನಿತ್ತು? ತೂತು ಬಿದ್ದ ಬಲೆ. 'ಎರಡು ಕೊಕ್ಕರೆ ಹಾರಿದವು, ಒಂದು ಮುಳುಗಿತು, ನೀನೇನು ಕಂಡೆ' ಅಂತ ನಾನು ಕೇಳಿದ್ರೆ, ನೀನು ಏನಂದೆ ಗೊತ್ತಾ? 'ನಾನು ಕೊಕ್ಕರೆ ಬೇಯಿಸಿದೆ' ಅಂದೆ."

"ಸುಳ್ಳು."

"ಹೊಳೆ ಆಣೆಗೂ ನಿಜ. ನಾನು ಸೆರಗನ್ನ ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡೆ. ಆಮೇಲೆ ಮುಂದಿನ ಸಾಲು ಹೇಳಿದೆ. ಹನ್ನೆರಡು ಮೊಳ ಮುಗಿಯೋ ಹೊತ್ತಿಗೆ ಕೊಕ್ಕರೆ ಹಾರೋಕೆ ಶುರು ಮಾಡಿತ್ತು."

"ನೀನು ನಕ್ಕಿದ್ದು ನನಗೆ ಕಾಣಲೇ ಇಲ್ಲ."

"ಬೆನ್ನು ತಿರುಗಿಸಿ ಕೂತಿದ್ದೆನಲ್ಲೇ ಮಂಕೆ. ಮತ್ತೆ ಯಾಕೆ ಬೆನ್ನು ತಿರುಗಿಸಿ ಕೂರೋದು ಅಂದ್ಕೊಂಡಿದ್ದೆ?"

ತಿದ್ದಕ್ಕ ಇಷ್ಟು ವರ್ಷ ಅಂದುಕೊಂಡಿದ್ದು ಬೇರೆ. ನೇಯುವವಳು ಕಣ್ಣನ್ನು ನಂಬದೆ ಕಿವಿಯನ್ನು ನಂಬಲಿ ಎಂದು ಹೇಳುವವಳು ಮುಖ ತಿರುಗಿಸುತ್ತಾಳೆ, ಅದು ಜೊಂಡಿಗೆ ತೋರುವ ಮರ್ಯಾದೆ, ಎಂದು ಶೆಡ್ಡಿನ ಹುಡುಗಿಯರಿಗೂ ಹೇಳಿಕೊಟ್ಟಿದ್ದಳು.

"ಹೇಳುವವಳ ಮುಖ ಕಂಡ್ರೆ ನೇಯುವವಳ ಬಾಯಿ ಕಟ್ಟುತ್ತೆ. ನೇಯುವವಳ ಕೈ ಕಂಡ್ರೆ ಹೇಳುವವಳ ಬಾಯಿ ಸುಮ್ಮನಿರೋದಿಲ್ಲ. ಅದಕ್ಕೇ ತಿರುಗಿ ಕೂತ್ಕೋ ಅಂದ್ರು ಹಿಂದಿನವರು. ತಿರುಗಿ ನೋಡಿದ್ರೆ ಹೇಳಿಕೆ ಮುರೀತು, ಚಾಪೆ ಪೂರ್ತಿ ಬಿಚ್ಚಬೇಕು. ಅವರೇನು ದಡ್ಡರಾ?"

"ಹಾಗಾದ್ರೆ ಕೆಟ್ಟು ಕೆರ ಹಿಡಿದ್ರೂ ಸರಿಯಾ? ನಾಳೆ ಅವರು ಆಡೋದು ನಮ್ಮ ಮಾತೇ ಅಲ್ಲ ಅನ್ನೋ ಹಾಗಾದ್ರೆ?"

"ಇದ್ದದ್ದು ಕೆಡುತ್ತೆ, ಕೆಟ್ಟದ್ದು ಸರಿಯಾಗುತ್ತೆ. ಇಲ್ಲದ್ದು ಎಲ್ಲಿ ಕೆಡುತ್ತೆ?" ಎಂದು ದೊಡ್ಡಮ್ಮ ಮತ್ತೆ ಹಗ್ಗ ಹಿಡಿದಳು. "ನಡಿ ಇನ್ನು. ನಿನ್ನ ನೆರಳು ನನ್ನ ಬಿಸಿಲಿಗೆ ಬೀಳ್ತಿದೆ."

ತಿದ್ದಕ್ಕ ಕೋಪದಿಂದಲೇ ವಾಪಸು ಬಂದಳು. ದೊಡ್ಡಮ್ಮನ ಮೇಲಿನ ಕೋಪವೋ ತನ್ನ ಮೇಲಿನದೋ ಅವಳಿಗೇ ಬಿಡಿಸಲಾಗಲಿಲ್ಲ. ಕೊಕ್ಕರೆ ಬೇಯಿಸಿದ ಮಾತಂತೂ ಎಷ್ಟು ಹುಡುಕಿದರೂ ನೆನಪಿಗೆ ಬರಲಿಲ್ಲ. ಆದರೆ ಬಿಸಿಲು ನೆನಪಿತ್ತು. ಶಾಲೆಯ ಅಂಗಳದ ಬಿಸಿಲು, ಕಾಲ ಕೆಳಗಿನ ಕಾದ ಕಲ್ಲು. ಅಲ್ಲಿ ಸಂತೆಮಾತನ್ನು ತಪ್ಪಿಲ್ಲದೆ ಕಲಿತದ್ದೂ, ಊರಿಗೆ ಬಂದ ಮೇಲೆ ಮನೆಮಾತನ್ನು ಹಲ್ಲು ಕಚ್ಚಿ ತಪ್ಪಿಲ್ಲದೆ ಮತ್ತೆ ಕಲಿತದ್ದೂ ಆ ಕಲ್ಲಿನ ಭಯದಲ್ಲೇ. ಯಾರೂ ತನ್ನನ್ನು ನೋಡಿ ನಗಬಾರದು ಎಂದು. ಆ ಭಯ ಈಗ ಯಾರ ಕಾಲ ಕೆಳಗಿದೆ ಎಂದು ಯೋಚಿಸುವಷ್ಟರಲ್ಲಿ ಮನೆ ಬಂತು.

ಸೊಸೆ ಅಂಗಳದಲ್ಲಿ ಬಟ್ಟೆ ಹಿಂಡುತ್ತಿದ್ದಳು.

"ಫ್ಯಾಕ್ಟರಿ ಬಸ್ಸು ಎಷ್ಟು ಗಂಟೆಗೆ?"

"ಎಂಟೂವರೆಗೆ."

"ಆರೂವರೆಯಿಂದ ಎಂಟರ ತನಕ ಶೆಡ್ಡಿನಲ್ಲಿ ಕೂರ್ತೀಯಾ? ದೊಡ್ಡ ಚಾಪೆ. ನಾನು ಹೇಳ್ತೀನಿ."

ಸೊಸೆ ಹಿಂಡಿದ ಬಟ್ಟೆಯನ್ನು ಕೊಡವದೆ ಹಾಗೇ ಹಿಡಿದುಕೊಂಡಳು. "ನನಗಾ? ನನಗೆ ಮಾತೇ ಸರಿಯಾಗಿ ಬರಲ್ಲವಲ್ಲ ಅತ್ತೆ."

"ಅದು ನನಗೆ ಗೊತ್ತು" ಎಂದುಬಿಟ್ಟಳು ತಿದ್ದಕ್ಕ. ನಾಲಿಗೆ ಕಚ್ಚಿಕೊಂಡು, "ಬಂದಷ್ಟು ಸಾಕು" ಎಂದು ಸೇರಿಸಿದಳು.

"ತಿದ್ದಿದ್ರೆ ಎದ್ದು ಹೋಗ್ತೀನಿ."

"ಹೋಗು."

ಸೋಮವಾರ ಬೆಳಿಗ್ಗೆ ಇಬ್ಬರೂ ಕೂತರು. ಸೊಸೆ ಜೊಂಡಿನ ಎಳೆಗಳ ಮುಂದೆ. ತಿದ್ದಕ್ಕ ಎರಡು ಮಾರು ದೂರದಲ್ಲಿ, ಹೊಳೆಯ ಕಡೆ ಮುಖ ಮಾಡಿ. ಮೂವತ್ತನಾಲ್ಕು ವರ್ಷದಿಂದ ಹೊರಗೆ ಬರದ ಸಾಲುಗಳು ಒಂದರ ಹಿಂದೆ ಒಂದು ಬಂದವು. ಅದೇನೋ ಸುಲಭವಾಯಿತು. ಕಷ್ಟವಾದದ್ದು ಉತ್ತರ ಕೇಳಿಸಿಕೊಳ್ಳುವುದು. ಸೊಸೆಯ ಪ್ರತಿಯೊಂದು ಮಾತಿಗೂ ತಿದ್ದಕ್ಕನ ಕತ್ತು ತಾನಾಗಿ ಅರ್ಧ ಹೊರಳುತ್ತಿತ್ತು. ಕೈಗೆ ಸಿಕ್ಕ ಕಂಬವನ್ನು ಹಿಡಿದುಕೊಂಡಳು. ಮೊದಲ ದಿನ ದಾಟಿತು, ಎರಡನೆಯ ದಿನ ದಾಟಿತು.

ಮೂರನೆಯ ಬೆಳಿಗ್ಗೆ, ನಾಲ್ಕೂವರೆ ಮೊಳದ ಹತ್ತಿರ, 'ಒಂದು ದೋಣಿ ಹೋಯಿತು, ಅಲೆ ಎರಡು ಬಂತು, ನೀನೇನು ಕಂಡೆ?' ಎಂಬ ಸಾಲು ಬಂತು. ಸೊಸೆ ತಡೆದು ತಡೆದು ತನ್ನ ಅಮ್ಮನ ಅಡುಗೆಮನೆಯ ಮಾತು ತೆಗೆದಳು. ಅಲ್ಲಿನ ಕಿಟಕಿ, ಕಿಟಕಿಯಿಂದ ಕಾಣುವ ರೈಲು, ರೈಲು ಹೋದಾಗ ಅಲುಗುವ ಪಾತ್ರೆ. ಒಂದೊಂದೇ ಪದ ಹೇಳುತ್ತಿದ್ದವಳು ಮೊದಲ ಸಲ ಒಂದೇ ಉಸಿರಿಗೆ ನಾಲ್ಕು ಮಾತು ಆಡಿದ್ದಳು. ಮೂರನೆಯದರಲ್ಲಿ ಒಂದು ತಪ್ಪಿತ್ತು. ತಿದ್ದಕ್ಕ ತಿರುಗಿದಳು.

"ಹಾಗಲ್ಲ—"

ಶೆಡ್ಡಿನಲ್ಲಿ ಇಬ್ಬರೇ ಇದ್ದರು. ಸೊಸೆ ಅವಳನ್ನು ನೋಡಿದಳು. ಕೈಯಲ್ಲಿದ್ದ ಎಳೆಯನ್ನು ಮುರಿಯದಂತೆ ಕೆಳಗಿಟ್ಟಳು.

"ಬಸ್ಸಿಗೆ ಹೊತ್ತಾಯ್ತು ಅತ್ತೆ" ಎಂದಳು ಸಂತೆಮಾತಿನಲ್ಲಿ. ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು.

ಅವಳು ಹೋದ ಮೇಲೆ ತಿದ್ದಕ್ಕ ಬಹಳ ಹೊತ್ತು ಆ ನಾಲ್ಕೂವರೆ ಮೊಳವನ್ನು ನೋಡಿದಳು. ನೇಯ್ಗೆ ಬಿಗಿಯಾಗಿ, ಅಂಚು ಸ್ವಲ್ಪ ಸೊಟ್ಟಗೆ ಇತ್ತು. ಯಾರು ಕಂಡಿದ್ದರು? ಹೀಗೇ ಮುಂದುವರಿಸಿದರೆ ಕೇಳುವವರು ಯಾರು? ಆಮೇಲೆ ನೆಲಕ್ಕೆ ಕೂತು ಬಿಚ್ಚತೊಡಗಿದಳು. ನೇಯುವುದಕ್ಕಿಂತ ಬಿಚ್ಚುವುದು ನಿಧಾನ. ಆಗಲೇ ಅರೆ ಒಣಗಿದ್ದ ಎಳೆಗಳು ಮಡಿಕೆ ಬಿದ್ದಲ್ಲೆಲ್ಲ ಸೀಳಿದವು; ಸೀಳಿದ್ದು ಮತ್ತೆ ಉಪಯೋಗಕ್ಕೆ ಬಾರದು. ಬೆರಳ ಸಂದಿಯಲ್ಲಿ ಕೊಯ್ದುಕೊಂಡು ರಕ್ತ ಬಂತು. ಒಳಗೆ ಬಂದ ಹೆಂಗಸರು ಬಾಗಿಲಲ್ಲೇ ನಿಂತರು. ಅವಳ ಕಟ್ಟಳೆ ಇನ್ನೂ ಇತ್ತು, ಯಾರೂ ಏನೂ ಕೇಳಲಿಲ್ಲ.

ಕೊನೆಗೆ ವಟವಟಿ ಬಂದು ಎದುರು ಕೂತಳು. ಕೊಡ ಹೊರುವ ಮನಸ್ಸಿಲ್ಲದೆಯೋ ಏನೋ, ಎಲ್ಲೋ ಅಜ್ಜಿಯ ಕಾಲದ ಮನೆಮಾತನ್ನು ಕೆದಕಿ ತೆಗೆದು, ಹಿಂದು ಮುಂದಾಗಿ ಕೇಳಿದಳು: "ಬಿಚ್ಚುವುದು ನಾನು ಕೂಡ ಆಗಲೋ?"

ತಿದ್ದಕ್ಕನ ಬಾಯಿ ತೆರೆಯಿತು. ಮುಚ್ಚಿತು.

"ಆ ಕಡೆಯಿಂದ ಬಿಚ್ಚು" ಎಂದಳು.

ಮಧ್ಯಾಹ್ನಕ್ಕೆ ಎಲ್ಲ ಬಿಚ್ಚಿ, ಉಳಿದದ್ದನ್ನು ಮತ್ತೆ ಒದ್ದೆ ಗೋಣಿಯ ಕೆಳಗೆ ಇಟ್ಟರು. ನಾಲ್ಕು ಮೊಳದಷ್ಟು ಜೊಂಡು ಹಾಳಾಗಿತ್ತು. ಆಳದ ನೀರಿನ ಜೊಂಡು ಹೊಳೆಯಲ್ಲಿ ಆಗಲೇ ಮುಗಿದಿತ್ತು.

ಗುರುವಾರ ಆರೂವರೆಗೆ ತಿದ್ದಕ್ಕ ಶೆಡ್ಡಿಗೆ ಹೋಗಿ ಹೊಳೆಯ ಕಡೆ ಮುಖ ಮಾಡಿ ಕೂತಳು. ಮನೆಯಲ್ಲಿ ಸೊಸೆಯನ್ನು ಕರೆದಿರಲಿಲ್ಲ. ಕರೆಯಲು ಬಾಯಿ ಬಂದಿರಲಿಲ್ಲ. ಎಂಟರ ತನಕ ಯಾರೂ ಬರಲಿಲ್ಲ. ಬಸ್ಸು ಹೋದ ಸದ್ದು ಕೇಳಿ ಎದ್ದಳು. ಶುಕ್ರವಾರವೂ ಕೂತಳು. ಏಳರ ಹೊತ್ತಿಗೆ ಹಿಂದೆ ಚಪ್ಪಲಿಯ ಸದ್ದು ಕೇಳಿಸಿತು. ಅವಳು ತಿರುಗಲಿಲ್ಲ.

"ನೇಯ್ದಿದ್ದು ಎಲ್ಲಿ ಅತ್ತೆ?"

"ಬಿಚ್ಚಿದೆ."

"ಎಲ್ಲಾನೂನಾ? ಯಾರೂ ನೋಡಿರಲಿಲ್ಲವಲ್ಲ."

"ತಿರುಗಿದ್ದು ನಾನು. ಬಿಚ್ಚಬೇಕಾದವಳೂ ನಾನೇ."

 ಹಿಂದೆ ಗೋಣಿ ಎಳೆದ ಸದ್ದು, ಎಳೆಗಳನ್ನು ನೆಲಕ್ಕೆ ಹರಡಿದ ಸದ್ದು.

"ಹೇಳಿ" ಎಂದಳು ಸೊಸೆ.

ಎಂಟು ಬೆಳಗು ಹಾಗೆ ನಡೆಯಿತು. ತಿದ್ದಕ್ಕನಿಗೆ ಸುಖವೇನೂ ಆಗಲಿಲ್ಲ. ಹಲ್ಲು ಕಚ್ಚಿ ದವಡೆ ನೋಯುತ್ತಿತ್ತು. ಕಂಬ ಹಿಡಿದ ಕೈಯ ಉಗುರಲ್ಲಿ ಮರದ ಸಿಬಿರು ಸೇರಿಕೊಂಡಿತು. ನಾಲ್ಕನೆಯ ದಿನ ಹಳೆಯ ಸಾಲು ಮತ್ತೆ ಬಂತು.

"ಎರಡು ಕೊಕ್ಕರೆ ಹಾರಿದವು, ಒಂದು ಮುಳುಗಿತು, ನೀನೇನು ಕಂಡೆ?"

"ಪೆಟ್ಟಿಗೆ ಕಂಡೆ" ಎಂದಳು ಸೊಸೆ. ಕೈ ಆಡುತ್ತಿತ್ತು, ಎಳೆ ಎಳೆಯ ಮೇಲೆ ಜಾರುವ ಸದ್ದು. "ಫ್ಯಾಕ್ಟರಿಯಲ್ಲಿ ಪೆಟ್ಟಿಗೆಗಳು ನಡೆಯುತ್ತಾಳೆ. ಅವಳಿಗೆ ಕಾಲು ಇಲ್ಲ. ನಾನು ನಿಂತು ನಿಂತು ಇದ್ದೇನೆ. ನನಗೆ ಕಾಲು ಇದೆ."

ಎರಡು ತಪ್ಪು. ಅದರ ಮೇಲೆ ಫ್ಯಾಕ್ಟರಿ ಎಂಬ ಪರರ ಮಾತು ಬೇರೆ. ತಿದ್ದಕ್ಕನ ಕುತ್ತಿಗೆಯ ನರ ಬಿಗಿಯಿತು. ಮನೆಮಾತಿನಲ್ಲಿ ಹಾಗೆ ಯಾರೂ ಹೇಳುವುದಿಲ್ಲ. ಹಾಗೆ ಯಾರೂ ಹೇಳಿಯೇ ಇರಲಿಲ್ಲ. ದೊಡ್ಡಮ್ಮ ಕಂಡಿರಲಿಲ್ಲ, ಹಿರಿಯ ಅಂಬಿಗ ಕಂಡಿರಲಿಲ್ಲ, ಆ ಮಾತಿನಲ್ಲಿ ನಡೆಯುವ ಪೆಟ್ಟಿಗೆಯನ್ನು ಇವಳು ಒಬ್ಬಳೇ ಕಂಡಿದ್ದಳು. ತಿದ್ದಕ್ಕ ಸೆರಗಿನ ತುದಿಯನ್ನು ಮುದ್ದೆ ಮಾಡಿ ಬಾಯಿಗೆ ಒತ್ತಿ ಹಿಡಿದಳು. ನಗು ತಡೆಯಲಿಕ್ಕಲ್ಲ.

"ನೀರು ಇಳಿಯಿತು" ಎಂದು ಮುಂದಿನ ಸಾಲು ಹೇಳಿದಳು.

ಎಂಟನೆಯ ಬೆಳಿಗ್ಗೆ ಜೊಂಡು ಮುಗಿಯಿತು. ಎಂಟು ಮೊಳಕ್ಕೆ ಚಾಪೆ ನಿಂತಿತು. ಸಣ್ಣ ಚಾಪೆಯ ಜೊಂಡನ್ನು ಇದಕ್ಕೆ ಬೆರೆಸುವ ಹಾಗಿರಲಿಲ್ಲ. ಅಂಚು ಕಟ್ಟಿ, ಸುರುಳಿ ಸುತ್ತಿ, ಭಾನುವಾರ ಮಗ ಅದನ್ನು ಹೆಗಲ ಮೇಲೆ ಹೊತ್ತು ಓಣಿಯ ಕೊನೆಗೆ ತಂದ. ಅತ್ತೆ ಸೊಸೆ ಹಿಂದೆ ಬಂದರು. ಹೇಳಿದವಳಿಗೆ ಹಿಂದೆ ಯಾರು ಹೇಳಿದ್ದರೋ ಅವರಿಗೆ ಮೊದಲು ತೋರಿಸಬೇಕು ಎಂಬುದು ರೂಢಿ.

"ಯಾರೋ ಅದು, ನೀನೇನೋ ಟೆಂಪೋ?" ದೊಡ್ಡಮ್ಮ ಮನೆಮಾತಿನಲ್ಲಿ ಕೇಳಿದಳು.

"ಹೌದಜ್ಜಿ, ನಾನೇ" ಎಂದ ಮಗ ಸಂತೆಮಾತಿನಲ್ಲಿ. ಚಾಪೆಯನ್ನು ಬಿಡಿಸಿ ಹಾಸಿ, ಪಕ್ಕಕ್ಕೆ ಸರಿದು ನಿಂತ. ತಿದ್ದಕ್ಕ ಅವನ ಕಡೆ ನೋಡಿ, ಮೀನಿನ ಕತೆ ನಿಂತುಹೋದಾಗಿನಿಂದ ಆದ ಇಪ್ಪತ್ತು ವರ್ಷದ ಲೆಕ್ಕ ಹಾಕಿದಳು. ಅದನ್ನು ತೀರಿಸುವುದು ಎಂಟು ಬೆಳಗಿನಲ್ಲಿ ಆಗುವ ಕೆಲಸವಾಗಿರಲಿಲ್ಲ.

ದೊಡ್ಡಮ್ಮ ಚಾಪೆಯ ಒಂದು ತುದಿಯಿಂದ ಮೊಣಕೈ ಊರಿ, ಬೆರಳ ತುದಿ ಮುಟ್ಟಿದಲ್ಲಿ ಮತ್ತೆ ಮೊಣಕೈ ಇಟ್ಟು, ಅಂಬೆಗಾಲಿಕ್ಕುತ್ತ ಅಳೆದಳು. ದಾರಿಯಲ್ಲಿ ಎಷ್ಟೋ ಕಡೆ ಅವಳ ಬೆರಳು ನಿಂತಿತು. ನಿಂತಾಗಲೆಲ್ಲ ಸೊಸೆ ಉಸಿರು ಹಿಡಿದಳು. ಬೆರಳು ಏನೂ ಹೇಳದೆ ಮುಂದೆ ಹೋಯಿತು.

"ಎಂಟು" ಎಂದಳು ದೊಡ್ಡಮ್ಮ, ಇನ್ನೊಂದು ತುದಿಯಲ್ಲಿ ಕೂತು ಏದುಸಿರು ಬಿಡುತ್ತ. "ಕೊಟ್ಟಿದ್ದು ಹನ್ನೆರಡು ಕಣೇ."

"ಗೊತ್ತು ದೊಡ್ಡಮ್ಮ. ನಾಲ್ಕು ಬಾಕಿ."

"ನಾನು ಸಾಯೋ ತನಕ ಬಿಡೋಳಲ್ಲ. ಸತ್ತ ಮೇಲೂ ಕೇಳ್ತೀನಿ."

ಸೊಸೆ ಮುಂದೆ ಬಂದು ಅಜ್ಜಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತಳು. ಮನೆಮಾತಿನಲ್ಲಿ, ಪದಗಳನ್ನು ಒಂದೊಂದಾಗಿ ನೆಲಕ್ಕಿಟ್ಟ ಹಾಗೆ ಕೇಳಿದಳು: "ಅಜ್ಜಿ, ನನ್ನ ತಲೆ ಮೇಲೆ ಎಂಟು ಮೊಳ ಸಾಲ ಕೂತಳು. ನಾನು ಯಾರಿಗೆ ಹೇಳಲಿ?"

ದೊಡ್ಡಮ್ಮ ಮಂಜುಗಣ್ಣನ್ನು ತಿದ್ದಕ್ಕನ ಕಡೆ ತಿರುಗಿಸಿ ಕಾದಳು. ಮಗನೂ ನೋಡಿದ. ತಿದ್ದಕ್ಕ ಬಗ್ಗಿ ಚಾಪೆಯ ಆ ತುದಿಯನ್ನು ಹಿಡಿದು ಸುತ್ತತೊಡಗಿದಳು.

"ಅದು ನಿನ್ನ ಸಾಲ. ನೀನೇ ಹುಡುಕ್ಕೋ" ಎಂದಳು. "ಈ ಕಡೆ ಹಿಡಿ, ಬಿಗಿಯಾಗಿ ಸುತ್ತಬೇಕು."